ಪಗಾರದ ಆಚೆಗೆ ಗುರುಗಳಿಗೆ ಬೇಕಾದದ್ದು
ಹಳ್ಳಿ ಶಾಲೆಗಳ ಎಸ್‌ಡಿಎಂಸಿ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಸದಸ್ಯರೇ, ತಾಯಂದಿರೇ,

ನಾನು ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ದುಡಿದು ನಿವೃತ್ತಳಾದವಳು. ಹೊಲದ ಕೆಲಸ ಅರ್ಧಕ್ಕೆ ಬಿಟ್ಟು ಸಭೆಗೆ ಬರುವವರು, ಅಂದಿನ ಕೂಲಿ ಕಳೆದುಕೊಂಡು ಬಂದು ಕೂರುವ ತಾಯಂದಿರು, ಓದು ಬಾರದಿದ್ದರೂ ಶಾಲೆಯ ಲೆಕ್ಕವನ್ನು ಪೈಸೆಗೆ ಪೈಸೆ ಕೇಳುವವರು, ಹೀಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ನಿಮ್ಮಂಥವರ ಎದುರು ಕೂತು ಕೆಲಸ ಮಾಡಿದ್ದೇನೆ. ಆ ಸಲುಗೆಯಲ್ಲೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಯಾವ ಊರಿಗೆ ಹೋದರೂ ಶಿಕ್ಷಕರಿಗೆ ಎದುರಾಗುವ ಪ್ರಶ್ನೆ ಒಂದೇ: ‘ತಿಂಗಳಾದ್ರ ಪಗಾರ ಬರ್ತದಲ್ರಿ ಅಕ್ಕೋರೇ, ಮತ್ತೇನ್ ಬೇಕ್ರಿ ನಿಮಗ?’ ಈ ಮಾತಿನಲ್ಲಿ ಕೆಡುಕಿಲ್ಲ. ಮಳೆ ನಂಬಿ ತೊಗರಿ, ಹತ್ತಿ ಬಿತ್ತುವವರಿಗೆ, ದಿನಗೂಲಿಯ ಮೇಲೆ ಮನೆ ನಡೆಸುವವರಿಗೆ ತಿಂಗಳ ಪಗಾರ ದೊಡ್ಡದಾಗಿಯೇ ಕಾಣುತ್ತದೆ, ಕಾಣಬೇಕಾದದ್ದೇ. ಆದ್ದರಿಂದ ಈ ಪ್ರಶ್ನೆಗೆ ನೇರವಾದ ಉತ್ತರ ಕೊಡುವುದು ಶಿಕ್ಷಕರ ಕರ್ತವ್ಯ. ಕೆಲಸದಲ್ಲಿದ್ದಾಗ ಆ ಉತ್ತರವನ್ನು ಬಿಡಿಸಿ ಹೇಳಲು ಬಿಡುವಿರಲಿಲ್ಲ. ಈಗ ಹೇಳುತ್ತೇನೆ.

ಮೊದಲು ಪಗಾರದ ಮಾತನ್ನೇ ಮುಗಿಸೋಣ. ಕಾಯಂ ಶಿಕ್ಷಕರ ಸಂಬಳ ಇವತ್ತು ಸಣ್ಣದಲ್ಲ. 2024ರ ಆಗಸ್ಟ್‌ನಿಂದ ಏಳನೇ ರಾಜ್ಯ ವೇತನ ಆಯೋಗದ ಪರಿಷ್ಕರಣೆಯೂ ಸಿಕ್ಕಿದೆ. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲವೆಂಬ ಚಿಂತೆ ಇದೆ, ಅದು ನಿಜವಾದ ಚಿಂತೆ. ಆದರೂ ಕಾಯಂ ಶಿಕ್ಷಕರ ಬೇಸರಕ್ಕೆ ಸಂಬಳವೇ ಮೂಲ ಎಂದು ನಾನು ಹೇಳಲಾರೆ. ನಿಮ್ಮ ಶಾಲೆಯಲ್ಲಿ ಅದೇ ಪಾಠ ಮಾಡುವ ಅತಿಥಿ ಶಿಕ್ಷಕರ ಮಾತು ಬೇರೆ. 2025ರ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿಸಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ನಿಗದಿಯಾದದ್ದು ತಿಂಗಳಿಗೆ 12,000. ಅದೂ ಪ್ರತಿ ತಿಂಗಳು ಬರುವುದಿಲ್ಲ. ರಜೆಯ ತಿಂಗಳಿಗೆ ಹಣವಿಲ್ಲ, ಮುಂದಿನ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೆಂಬ ಖಾತರಿಯೂ ಇಲ್ಲ. ಬಿ.ಇಡಿ., ಡಿ.ಇಡಿ. ಓದಿದ ನಿಮ್ಮೂರ ಮಕ್ಕಳೇ ಬಹಳ ಕಡೆ ಈ ಕೆಲಸದಲ್ಲಿದ್ದಾರೆ. ಅವರ ಮಟ್ಟಿಗೆ ತೃಪ್ತಿಯ ಮಾತು ಪಗಾರದಿಂದಲೇ ಶುರುವಾಗಬೇಕು.

ಪಗಾರ ಸರಿಯಿದ್ದವರಿಗೂ ತೃಪ್ತಿ ಯಾಕಿಲ್ಲ ಎಂಬುದಕ್ಕೆ ಒಂದು ಅಧ್ಯಯನ ಉತ್ತರ ಕೊಡುತ್ತದೆ. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಪಿಟ್ಸ್‌ಬರ್ಗ್ ಸುತ್ತಿನ ಸುಮಾರು 200 ಮಂದಿ ಎಂಜಿನಿಯರು, ಲೆಕ್ಕಿಗರನ್ನು ಮಾತಾಡಿಸಿ 1959ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಕಂಡುಕೊಂಡದ್ದು ಹಳ್ಳಿ ಶಾಲೆಗೂ ಹೊಂದುತ್ತದೆ. ಸಂಬಳ, ಮೇಲಧಿಕಾರಿಗಳ ನಡವಳಿಕೆ, ಕೆಲಸದ ಜಾಗದ ಸ್ಥಿತಿ, ಕಚೇರಿಯ ನಿಯಮ ಇವು ಕೆಟ್ಟರೆ ಮನುಷ್ಯ ನೊಂದುಕೊಳ್ಳುತ್ತಾನೆ. ಆದರೆ ಇವು ಸರಿಯಾದ ಮಾತ್ರಕ್ಕೆ ಕೆಲಸದಲ್ಲಿ ಸಂತೋಷ ಹುಟ್ಟುವುದಿಲ್ಲ. ಸಂತೋಷ ಹುಟ್ಟುವುದು ಕೈಗೊಂಡ ಕೆಲಸ ಫಲ ಕೊಟ್ಟಾಗ, ಅದನ್ನು ಯಾರಾದರೂ ಗುರುತಿಸಿದಾಗ, ತನ್ನ ವಿವೇಚನೆಯಂತೆ ಮಾಡುವ ಹೊಣೆ ಸಿಕ್ಕಾಗ, ತಾನೂ ಬೆಳೆಯುತ್ತಿದ್ದೇನೆ ಅನ್ನಿಸಿದಾಗ. ಪಗಾರ ಶಿಕ್ಷಕರನ್ನು ನೌಕರಿಯಲ್ಲಿ ಉಳಿಸುತ್ತದೆ. ಮನಸ್ಸಿಟ್ಟು ಪಾಠ ಮಾಡಿಸುವುದು ಮಗುವಿನ ಕಲಿಕೆ.

ಇದಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ಸಾಕ್ಷಿಯಿದೆ. ನಿಮ್ಮ ಮಕ್ಕಳು ಒಂದರಿಂದ ಮೂರನೇ ತರಗತಿವರೆಗೆ ಕಲಿಯುವ ನಲಿ-ಕಲಿ ಪದ್ಧತಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಹುಟ್ಟಿತು. 1995ರಲ್ಲಿ ಯುನಿಸೆಫ್ ನೆರವಿನಿಂದ ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋಗಿ ಅಲ್ಲಿನ ಬಹುವರ್ಗ ಬೋಧನೆ ನೋಡಿ ಬಂದರು. ಬಂದವರು ಕೈಕಟ್ಟಿ ಕೂರಲಿಲ್ಲ. ತಮ್ಮ ಕಾಡಂಚಿನ ಹಳ್ಳಿಗಳ ಮಕ್ಕಳಿಗೆ ತಕ್ಕಂತೆ ಕಾರ್ಡು ಬರೆದರು, ಹಾಡು ಕಟ್ಟಿದರು, ಕಲಿಕೆಯ ಏಣಿ ರೂಪಿಸಿದರು. ಯಾವ ಹೆಚ್ಚಿನ ಭತ್ಯೆಯೂ ಇಲ್ಲದೆ ರಾತ್ರಿ ಕೂತು ಪಾಠೋಪಕರಣ ಮಾಡುವಷ್ಟು ಹುಮ್ಮಸ್ಸು ಬಂದದ್ದು ಆ ಕೆಲಸ ಅವರದೇ ಆಗಿತ್ತು ಎಂಬ ಕಾರಣಕ್ಕೆ. ಮುಂದೆ ಅದು ಇಡೀ ರಾಜ್ಯದ ಪದ್ಧತಿಯಾಯಿತು. ಹಳ್ಳಿಯ ಶಿಕ್ಷಕರನ್ನು ನಂಬಿ ಹೊಣೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಆ ತಾಲ್ಲೂಕು ತೋರಿಸಿದೆ.

ಹಾಗಾದರೆ ಈಗ ಶಾಲೆಗಳಲ್ಲಿ ಬೇಸರ ಯಾಕೆ? ಮಗು ಕಲಿಯುವುದನ್ನು ನೋಡುವ ಸಮಯವೇ ಶಿಕ್ಷಕರ ಕೈಯಿಂದ ಜಾರಿಹೋಗುತ್ತಿದೆ.

ಒಬ್ಬ ಪ್ರಭಾರ ಮುಖ್ಯ ಶಿಕ್ಷಕರ ದಿನವನ್ನು ನೋಡಿ. ಬೆಳಿಗ್ಗೆ ಹಾಲಿನ ಪುಡಿಯ ಲೆಕ್ಕ, ಆಮೇಲೆ ಅಕ್ಕಿ, ಬೇಳೆ, ಎಣ್ಣೆಯ ದಾಸ್ತಾನು ವಹಿ. ಮೊಟ್ಟೆ ತರಬೇಕು. ಅಂಗಡಿಯಲ್ಲಿ ದರ ಏರಿದ ವಾರ ಸರ್ಕಾರ ಕೊಡುವ ಹಣಕ್ಕೂ ಅಂಗಡಿಯ ಬಿಲ್ಲಿಗೂ ಇರುವ ವ್ಯತ್ಯಾಸವನ್ನು ಜೇಬಿನಿಂದ ತುಂಬಬೇಕು. ಮಧ್ಯೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಫೋನು: ಇವತ್ತೇ ಎಸ್‌ಎಟಿಎಸ್ ಜಾಲತಾಣದಲ್ಲಿ ಮಕ್ಕಳ ಮಾಹಿತಿ ತುಂಬಿ, ಆಧಾರ್ ಹೊಂದದ ಮಕ್ಕಳ ಪಟ್ಟಿ ಕಳಿಸಿ, ಪಾಠ ಆಧಾರಿತ ಮೌಲ್ಯಾಂಕನದ ಅಂಕ ಏರಿಸಿ, ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ. ನೆಟ್‌ವರ್ಕ್ ಸಿಗದಿದ್ದರೆ ಶಾಲೆಯ ಮಾಳಿಗೆ ಹತ್ತಬೇಕು. ಬಿಸಿಯೂಟ, ಹಾಲು, ಮೊಟ್ಟೆ ನಮ್ಮ ಮಕ್ಕಳಿಗೆ ಬೇಕೇ ಬೇಕು. ಅವು ಬಂದ ಮೇಲೆ ಹಸಿದ ಹೊಟ್ಟೆಯಲ್ಲಿ ಕೂತು ತೂಕಡಿಸುವ ಮಕ್ಕಳು ಕಡಿಮೆಯಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ತಕರಾರು ಊಟದ ಮೇಲಲ್ಲ. ಅದರ ಲೆಕ್ಕ ಬರೆಯಲು ಒಬ್ಬ ಗುಮಾಸ್ತನಿಲ್ಲ, ಆ ಲೆಕ್ಕ ಬರೆಯುವ ಕೈಯೇ ಕರಿಹಲಗೆಯ ಮೇಲೂ ಬರೆಯಬೇಕು. ಅಂಥ ಶಾಲೆಯಲ್ಲಿ ಮೂರನೇ ತರಗತಿಯ ಮಗು ಎಲ್ಲಿ ತಡವರಿಸುತ್ತಿದೆ ಎಂದು ನೋಡುವವರಾರು?

ಶಾಲೆಯ ಹೊರಗಿನ ಕೆಲಸಗಳ ಕಥೆಯೂ ಇದೇ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಸ್ಪಷ್ಟವಾಗಿದೆ: ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ – ಈ ಮೂರನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಕಳಿಸುವಂತಿಲ್ಲ. ಆದರೂ ಮನೆಮನೆ ಸಮೀಕ್ಷೆ ಬಂದರೆ ಎಲ್ಲರ ಕಣ್ಣು ಮೊದಲು ಬೀಳುವುದು ಶಾಲೆಯ ಮೇಲೆ. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಗಣತಿದಾರರಾಗಿ ಹೋದವರಲ್ಲಿ ಹೆಚ್ಚಿನವರು ಶಿಕ್ಷಕರೇ. ದಸರಾ ರಜೆಯೊಳಗೆ ಅದು ಮುಗಿಯಲಿಲ್ಲ, ಅಕ್ಟೋಬರ್ 18ರವರೆಗೆ ಶಾಲೆಗಳ ರಜೆಯನ್ನೇ ಮುಂದುವರಿಸಬೇಕಾಯಿತು. ಅಂಥ ಸಮೀಕ್ಷೆ ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಅದರ ಬೆಲೆಯನ್ನು ತರಗತಿಯ ಮಕ್ಕಳು ತೆರಬಾರದು ಎಂಬುದಷ್ಟೇ ನನ್ನ ಮಾತು.

ನೀವು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಅದೇ ಕಾಯ್ದೆಗೆ ಕೇಂದ್ರ ಸರ್ಕಾರ 2010ರಲ್ಲಿ ರೂಪಿಸಿದ ಮಾದರಿ ನಿಯಮಗಳಲ್ಲಿ ಶಾಲಾ ಸಮಿತಿಯ ಕೆಲಸಗಳ ಪಟ್ಟಿಯಿದೆ. ಶಿಕ್ಷಕರ ಮೇಲೆ ಈ ಮೂರರ ಹೊರತಾದ ಶಿಕ್ಷಣೇತರ ಹೊರೆ ಬೀಳದಂತೆ ನೋಡಿಕೊಳ್ಳುವುದೂ ಆ ಪಟ್ಟಿಯಲ್ಲಿದೆ. ಶಿಕ್ಷಕರು ಸರಿಯಾಗಿ ಬರುತ್ತಾರೆಯೇ ಎಂದು ನೋಡುವ ಅಧಿಕಾರ ನಿಮಗಿದೆ ಎಂಬುದು ಎಲ್ಲರಿಗೂ ಗೊತ್ತು. ಶಿಕ್ಷಕರ ಸಮಯವನ್ನು ಕಾಯುವ ಹೊಣೆಯೂ ಅಷ್ಟೇ ತೂಕದ್ದು.

ಎರಡನೆಯ ಸಂಗತಿ ಶಿಕ್ಷಕರ ಸಂಖ್ಯೆ. ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಒಂದರಿಂದ ಐದನೇ ತರಗತಿಯ ಶಾಲೆಗೆ ಇಬ್ಬರು ಶಿಕ್ಷಕರಿರಬೇಕು. ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಖಾಲಿ ಇರಬಾರದು. ಆದರೂ ಏಕೋಪಾಧ್ಯಾಯ ಶಾಲೆಗಳು ನಮ್ಮಲ್ಲಿ ಉಳಿದಿವೆ. ಒಬ್ಬರೇ ಐದು ತರಗತಿ ನೋಡಬೇಕಾದ ಶಾಲೆಯಲ್ಲಿ ಆ ಒಬ್ಬರು ತಾಲ್ಲೂಕು ಕಚೇರಿಗೆ ಹೋದರೆ ಅಂದು ಪಾಠವಿಲ್ಲ, ಜ್ವರ ಬಂದು ಮಲಗಿದರೂ ಪಾಠವಿಲ್ಲ. ರಜೆ ಹಾಕಲೂ ಮನಸ್ಸು ಅಳುಕುತ್ತದೆ. ಪಾಠದ ಬಗ್ಗೆ ಮಾತಾಡಲು ಜೊತೆಗೊಬ್ಬರು ಇಲ್ಲದ ಒಂಟಿತನ ಎಂಥದೆಂದು ಅಂಥ ಶಾಲೆಯಲ್ಲಿ ದುಡಿದವರಿಗೇ ಗೊತ್ತು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಬಂದು ಹತ್ತು ವರ್ಷ ಮೀರಿದೆ. ಸ್ಥಳೀಯರಿಗೆ ಹುದ್ದೆ ಮೀಸಲಾದರೂ ಅವು ತುಂಬದೆ ಉಳಿದರೆ ಅದರ ನಷ್ಟ ನಮ್ಮ ಮಕ್ಕಳಿಗೇ.

ಇನ್ನು ಹೆಣ್ಣುಮಕ್ಕಳ ಮಾತು. ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡುವವರಲ್ಲಿ ದೊಡ್ಡ ಪಾಲು ಶಿಕ್ಷಕಿಯರು. ಬಸ್ಸು ಹಿಡಿಯಲು ಬೆಳಗಿನ ಜಾವ ಎದ್ದು, ಮನೆಯವರಿಗೆಲ್ಲ ಅಡುಗೆ ಮಾಡಿಟ್ಟು ಹೊರಟು, ಸಂಜೆ ಕತ್ತಲಾಗುವ ಹೊತ್ತಿಗೆ ಮನೆ ಸೇರುವವರು ಅವರು. ಶಾಲೆಯಲ್ಲಿ ನೀರಿರುವ, ಬಾಗಿಲು ಹಾಕಿಕೊಳ್ಳಬಹುದಾದ ಶೌಚಾಲಯವಿಲ್ಲದಿದ್ದರೆ ಇಡೀ ದಿನ ನೀರು ಕುಡಿಯದೆ ಕಳೆಯುತ್ತಾರೆ. ವರ್ಷಗಟ್ಟಲೆ ಹೀಗೆ ಕಳೆದು ಮೂತ್ರಕೋಶದ ಸೋಂಕು, ಕಲ್ಲು ಅಂತ ಆಸ್ಪತ್ರೆ ಅಲೆದ ಗೆಳತಿಯರು ನನಗಿದ್ದಾರೆ. ಶೌಚಾಲಯ ಕಟ್ಟಿಸಿದರೂ ತೊಳೆಯಲು ಪ್ರಾಥಮಿಕ ಶಾಲೆಗೆ ಸಿಬ್ಬಂದಿ ಇಲ್ಲ. ಮಕ್ಕಳಿಂದ ತೊಳೆಸುವುದು ತಪ್ಪು, ಆ ತಪ್ಪು ಎಲ್ಲೇ ನಡೆದರೂ ಶಿಕ್ಷೆಯಾಗಬೇಕು. ತೊಳೆಯುವವರನ್ನು ನೇಮಿಸದೆ ಬೀಗ ಹಾಕಿಡುವುದೂ ತಪ್ಪೇ.

‘ಗುರುಗಳು ನಮ್ಮೂರಾಗ ಇರಂಗಿಲ್ಲ, ಬಸ್ಸಿಗೆ ಬಂದು ಬಸ್ಸಿಗೆ ಹೋಗ್ತಾರ’ ಎಂಬ ದೂರು ನಿಮ್ಮದು. ದೂರು ನ್ಯಾಯವಾದದ್ದೇ. ಊರಲ್ಲೇ ಇರುವ ಶಿಕ್ಷಕರಿಂದ ಮಕ್ಕಳಿಗೆ ಆಗುವ ಉಪಕಾರ ಬೇರೆಯೇ. ತಮ್ಮ ಮಕ್ಕಳ ಓದಿಗಾಗಿ ತಾಲ್ಲೂಕು ಕೇಂದ್ರದಲ್ಲಿ ಮನೆ ಮಾಡುವ ಶಿಕ್ಷಕರು ಬಹಳ ಮಂದಿ ಇದ್ದಾರೆ, ಅದನ್ನು ಮರೆಮಾಚುವುದಿಲ್ಲ. ಆದರೆ ಊರಲ್ಲಿ ಉಳಿಯಬಯಸಿದವರಿಗೆ ಮನೆ ಕೊಟ್ಟಿದ್ದೇವೆಯೇ ಎಂದು ನೀವೂ ಕೇಳಿಕೊಳ್ಳಬೇಕು. ಒಂಟಿ ಹೆಣ್ಣುಮಗಳಿಗೆ ಮನೆ ಬಾಡಿಗೆ ಕೊಡಲು ಹಿಂಜರಿಯುವ ಊರುಗಳಿವೆ. ಬಾಡಿಗೆ ಎಷ್ಟು ಎನ್ನುವ ಮೊದಲು ಜಾತಿ ಯಾವುದು ಎಂದು ಕೇಳುವ ಊರುಗಳಿವೆ. ಪರಿಶಿಷ್ಟ ಜಾತಿಯ ಶಿಕ್ಷಕರು ಊರೆಲ್ಲ ಸುತ್ತಿ ಮನೆ ಸಿಗದೆ ದಿನವೂ ಹತ್ತಾರು ಮೈಲಿ ಓಡಾಡಿದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಎಲ್ಲರೂ ಸಮಾನರು ಎಂದು ಹಗಲಿಡೀ ಮಕ್ಕಳಿಗೆ ಕಲಿಸಿದವರನ್ನು ಸಂಜೆ ಬಾಗಿಲಲ್ಲೇ ನಿಲ್ಲಿಸಿದರೆ ಅವರು ಯಾವ ಮುಖ ಹೊತ್ತು ಮರುದಿನ ತರಗತಿಗೆ ಹೋಗಬೇಕು?

ನಮ್ಮ ಭಾಗದ ಶಿಕ್ಷಕರನ್ನು ಎಲ್ಲಕ್ಕಿಂತ ಹೆಚ್ಚು ಕುಗ್ಗಿಸುವುದು ಗುಳೆ. ದೀಪಾವಳಿ ಕಳೆಯುತ್ತಲೇ ಯಾದಗಿರಿ, ರಾಯಚೂರು, ಕಲಬುರಗಿಯ ಹಳ್ಳಿಗಳಿಂದ ಸಂಸಾರಗಳು ಬೆಂಗಳೂರಿನ ಕಟ್ಟಡಗಳ ಕಡೆ, ಕಬ್ಬಿನ ಗದ್ದೆಗಳ ಕಡೆ ಹೊರಡುತ್ತವೆ. ಜೂನ್‌ನಿಂದ ತಿದ್ದಿ ತೀಡಿ, ಆಗಷ್ಟೇ ಕಾಗುಣಿತ ಕೂಡಿಸಿ ಓದಲು ಶುರುಮಾಡಿದ ಮಗು ಒಂದು ಸೋಮವಾರ ಬರುವುದಿಲ್ಲ. ಯುಗಾದಿ ಹೊತ್ತಿಗೆ ಮರಳಿ ಬಂದಾಗ ಅಕ್ಷರಗಳು ಮರೆತಿರುತ್ತವೆ. ಹತ್ತಿ ಬಿಡಿಸುವ ಕಾಲದಲ್ಲಿ ಊರಲ್ಲೇ ಇರುವ ಮಕ್ಕಳೂ ಹೊಲದಲ್ಲಿರುತ್ತಾರೆ. ಬಡತನಕ್ಕೆ ನಿಮ್ಮನ್ನು ಹೊಣೆ ಮಾಡುವಷ್ಟು ಕಲ್ಲುಮನಸ್ಸು ನನ್ನದಲ್ಲ. ಆದರೆ ಮೊಳಕೆಯನ್ನು ಪ್ರತಿ ವರ್ಷ ಅರ್ಧಕ್ಕೇ ಕಿತ್ತರೆ ರೈತನಿಗೆ ಆಗುವ ಸಂಕಟವೇ ಶಿಕ್ಷಕರಿಗೂ ಆಗುತ್ತದೆ ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು? ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗುಳೆ ಹೋಗುವವರ ಮಕ್ಕಳಿಗೆ ಋತುಮಾನ ವಸತಿನಿಲಯ ನಡೆಸಲು ಅವಕಾಶವಿದೆ. ಅದನ್ನು ಕೇಳಿ ಪಡೆಯಬೇಕಾದದ್ದು ದೀಪಾವಳಿಗೆ ಮುಂಚೆ, ಮಕ್ಕಳು ಹೋದ ಮೇಲಲ್ಲ.

ಬೆಳೆಯುವ ದಾರಿ ಮುಚ್ಚಿದರೂ ಮನಸ್ಸು ಬತ್ತುತ್ತದೆ. ಒಂದರಿಂದ ಏಳನೇ ತರಗತಿಗೆಂದು ನೇಮಕಗೊಂಡು ಪದವಿ, ಬಿ.ಇಡಿ. ಮುಗಿಸಿದ ಶಿಕ್ಷಕರನ್ನು 2017ರ ನೇಮಕಾತಿ ನಿಯಮಗಳು ಒಂದರಿಂದ ಐದಕ್ಕೆ ಇಳಿಸಿ, ಬಡ್ತಿಯ ಬಾಗಿಲು ಕಿರಿದಾಗಿಸಿದವು. 2024ರ ಆಗಸ್ಟ್ 12ರಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಿಮ್ಮ ಶಾಲೆಯ ಶಿಕ್ಷಕರೂ ಕೂತಿದ್ದರೆ ಅದು ಇದಕ್ಕಾಗಿ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರೂ ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು. ಎರಡು ದಶಕ ಪಾಠ ಮಾಡಿದವರ ಮನೆಯಲ್ಲಿ ಈಗ ಆ ಚಿಂತೆ ಕೂತಿದೆ. ಇದರ ಮೇಲೆ ವರ್ಗಾವಣೆಯ ಚಿಂತೆ. 2020ರ ಕಾಯ್ದೆ ಕೌನ್ಸೆಲಿಂಗ್ ಮೂಲಕ ವರ್ಗಾವಣೆಗೆ ನಿಯಮ ಹಾಕಿತು, ಶಿಫಾರಸಿಗಿಂತ ಅದು ಎಷ್ಟೋ ಮೇಲು. ಆದರೆ ಪಟ್ಟಿ ಪ್ರತಿ ವರ್ಷ ಸರಿಯಾದ ಸಮಯಕ್ಕೆ ಹೊರಬಿದ್ದರೆ ಮಾತ್ರ ಗಂಡ ಒಂದು ಜಿಲ್ಲೆ, ಹೆಂಡತಿ ಒಂದು ಜಿಲ್ಲೆಯಾಗಿ ಬದುಕುವವರಿಗೆ ನಂಬಿಕೆ ಹುಟ್ಟುತ್ತದೆ. ಇವು ಸರ್ಕಾರ ಬಿಡಿಸಬೇಕಾದ ಗಂಟುಗಳು. ನಿಮ್ಮಿಂದ ಆಗುವುದಲ್ಲ ಎಂದು ನನಗೆ ಗೊತ್ತು. ಇವು ನಿಮಗೂ ಗೊತ್ತಿದ್ದರೆ ನಿಮ್ಮ ಶಿಕ್ಷಕರ ಮೌನ ಅರ್ಥವಾಗುತ್ತದೆ, ಅದಕ್ಕೇ ಹೇಳಿದೆ.

ಕೆಲಸಗಳ್ಳ ಶಿಕ್ಷಕರಿಲ್ಲವೇ ಎಂದು ಕೇಳುತ್ತೀರಿ. ಇದ್ದಾರೆ. ಹಾಜರಿ ಹಾಕಿ ಹೋಗುವವರು, ತರಗತಿಯಲ್ಲಿ ಮೊಬೈಲ್ ನೋಡುತ್ತ ಕೂರುವವರು, ಬಡವರ ಮಕ್ಕಳು ಕಲಿಯಲಾರರೆಂದು ಮೊದಲೇ ತೀರ್ಮಾನಿಸಿದವರು ನಮ್ಮ ನಡುವೆ ಇದ್ದಾರೆ. ಅವರನ್ನು ಪ್ರಶ್ನಿಸಿ, ಠರಾವು ಮಾಡಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಬರೆಯಿರಿ. ನಾನು ನಿಮ್ಮ ಪರ. ಆದರೆ ಪ್ರಶ್ನಿಸುವುದಕ್ಕೂ ಅವಮಾನಿಸುವುದಕ್ಕೂ ಅಂತರವಿದೆ. ಮಕ್ಕಳ ಎದುರಿಗೇ ಏಕವಚನದಲ್ಲಿ ಕೂಗಾಡುವುದು, ಮೊಬೈಲ್ ಹಿಡಿದು ತರಗತಿಗೆ ನುಗ್ಗಿ ವಿಡಿಯೊ ಮಾಡಿ ಹಂಚುವುದು, ಊರ ರಾಜಕೀಯದ ಎರಡು ಪಾರ್ಟಿಗಳ ಜಗಳಕ್ಕೆ ಶಾಲೆಯನ್ನು ಕಣ ಮಾಡುವುದು ಇವುಗಳಿಂದ ಕೆಟ್ಟ ಶಿಕ್ಷಕರು ತಿದ್ದಿಕೊಂಡದ್ದನ್ನು ನಾನು ಕಂಡಿಲ್ಲ. ಒಳ್ಳೆಯವರು ವರ್ಗಾವಣೆಗೆ ಅರ್ಜಿ ಹಾಕಿದ್ದನ್ನು ಕಂಡಿದ್ದೇನೆ.

ಊರು ಜೊತೆಗೆ ನಿಂತರೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ವಿದ್ಯಾಗಮ ಶುರುವಾಯಿತು. ಶಿಕ್ಷಕರು ಓಣಿ ಓಣಿಗೆ ಬಂದರು. ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನವೇ ತರಗತಿಯಾಯಿತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಆ ಕೆಲವು ತಿಂಗಳು ಮಗು ಹೇಗೆ ಕಲಿಯುತ್ತದೆ ಎಂಬುದನ್ನು ತಾಯಂದಿರು ಪಕ್ಕದಲ್ಲೇ ನಿಂತು ನೋಡಿದರು. ಶಿಕ್ಷಕರು ಮಕ್ಕಳ ಮನೆಯ ಒಳಗನ್ನು ಕಂಡರು. ಕಷ್ಟದ ಆ ದಿನಗಳಲ್ಲೂ ‘ಇದು ನಿಜವಾದ ಮಾಸ್ತರಿಕೆ’ ಎಂದವರು ನನ್ನ ಜೊತೆಗಾರರಲ್ಲಿ ಅನೇಕರು.

ಆದ್ದರಿಂದ ನಿಮ್ಮಲ್ಲಿ ಕೆಲವು ಕೋರಿಕೆಗಳಿವೆ.

ಮೊದಲನೆಯದು, ಪ್ರತಿ ಸಭೆಯ ನಡಾವಳಿ ಪುಸ್ತಕದಲ್ಲಿ ಒಂದು ಪ್ರಶ್ನೆ ಬರೆಸಿ: ಈ ತಿಂಗಳು ನಮ್ಮ ಶಿಕ್ಷಕರ ಎಷ್ಟು ಪಾಠದ ದಿನ ಬೇರೆ ಕೆಲಸಕ್ಕೆ ಹೋಯಿತು, ಯಾರ ಆದೇಶದಿಂದ? ಉತ್ತರವನ್ನು ಠರಾವಿನ ಜೊತೆ ಬಿಇಒ ಅವರಿಗೆ ಕಳಿಸಿ. ಶಿಕ್ಷಕರು ಬರೆದರೆ ಅದು ಗೊಣಗಾಟ ಎನಿಸಿಕೊಳ್ಳುತ್ತದೆ. ಪೋಷಕರು ಬರೆದರೆ ಹಕ್ಕಿನ ಮಾತಾಗುತ್ತದೆ. ಖಾಲಿ ಹುದ್ದೆಗೂ ಹೀಗೆಯೇ ಬರೆಯಿರಿ, ತುಂಬುವವರೆಗೆ ಬರೆಯುತ್ತಲೇ ಇರಿ.

ಎರಡನೆಯದು, ಶೌಚಾಲಯಕ್ಕೆ ನೀರು, ಬಾಗಿಲಿಗೆ ಚಿಲಕ, ತೊಳೆಯುವವರಿಗೆ ಕೂಲಿ ಈ ಮೂರನ್ನೂ ಗ್ರಾಮ ಪಂಚಾಯಿತಿಯಿಂದ ಪಡೆಯಿರಿ. ಅಡುಗೆಯ ದಾಸ್ತಾನು, ಮೊಟ್ಟೆಯ ಖರೀದಿಯಲ್ಲಿ ಸದಸ್ಯರೊಬ್ಬರು ವಾರದ ಸರದಿಯಂತೆ ಕೈಜೋಡಿಸಿ. ಶಿಕ್ಷಕರಿಗೆ ದಿನದಲ್ಲಿ ಒಂದು ಪಾಠದ ಅವಧಿ ಉಳಿದರೂ ಅದು ನಿಮ್ಮ ಮಕ್ಕಳ ಪಾಲಿಗೆ ಬರುತ್ತದೆ.

ಮೂರನೆಯದು, ಊರಲ್ಲಿ ಉಳಿಯಬಯಸುವ ಶಿಕ್ಷಕರಿಗೆ ಜಾತಿ ಕೇಳದೆ ಮನೆ ಕೊಡಿಸಿ. ಇದಕ್ಕೆ ಸರ್ಕಾರದ ಅನುದಾನ ಬೇಕಿಲ್ಲ. ಊರ ಹಿರಿಯರು ಮನಸ್ಸು ಮಾಡಿದರೆ ಸಾಕು.

ನಾಲ್ಕನೆಯದು, ತಿಂಗಳಿಗೊಮ್ಮೆ ನಿಮ್ಮ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ನಿಮಗೆ ಓದು ಬಾರದಿದ್ದರೂ ಮಗು ತಡವರಿಸುವುದು ತಿಳಿಯುತ್ತದೆ. ತಡವರಿಸಿದರೆ ಬಂದು ಕೇಳಿ. ಸರಾಗವಾಗಿ ಓದಿದರೆ ಆಗಲೂ ಬಂದು ‘ನಮ್ಮ ಹುಡುಗಿ ಚಂದ ಓದ್ತಾಳ್ರಿ ಅಕ್ಕೋರೇ’ ಎಂದು ಒಂದು ಮಾತು ಹೇಳಿ. ನಿವೃತ್ತಿಯ ದಿನದ ಶಾಲು, ಹಾರಗಳಿಗಿಂತ ಆ ಮಾತು ಶಿಕ್ಷಕರನ್ನು ಹೆಚ್ಚು ಕಾಲ ದುಡಿಸುತ್ತದೆ. ಅತಿಥಿ ಶಿಕ್ಷಕರಿಗೂ ಅದೇ ಗೌರವ ಸಿಗಲಿ. ಅವರ ಗೌರವಧನ ತಡವಾದರೆ ನಿಮ್ಮ ಠರಾವು ಅವರ ಪರವಾಗಿ ಹೋಗಲಿ.

2001ರಲ್ಲಿ, ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಂತೆ, ಈ ಸಮಿತಿಗಳು ನಮ್ಮ ರಾಜ್ಯದಲ್ಲಿ ಹುಟ್ಟಿದವು. ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕೆಂದು ಕೇಂದ್ರದ ಕಾಯ್ದೆಯೂ ಆಮೇಲೆ ಹೇಳಿತು. ಶಾಲೆ ಸರ್ಕಾರದ್ದಷ್ಟೇ ಅಲ್ಲ, ನಿಮ್ಮದು ಎಂಬುದನ್ನು ಕಾನೂನೇ ಒಪ್ಪಿದೆ. ತೃಪ್ತಿಯಿಂದ ಪಾಠ ಮಾಡುವ ಶಿಕ್ಷಕರು ಸಿಕ್ಕರೆ ಅದರ ಲಾಭ ಮೊದಲು ಸೇರುವುದು ನಿಮ್ಮ ಮನೆಗೇ. ಮುಂದಿನ ಸಭೆಯಲ್ಲಿ ಕಟ್ಟಡದ ಬಿಲ್ಲು, ಬಣ್ಣದ ಲೆಕ್ಕ ಚರ್ಚೆಗೆ ಬರುವ ಮೊದಲು ನಿಮ್ಮ ಶಿಕ್ಷಕರನ್ನು ಕೂರಿಸಿಕೊಂಡು ‘ಪಾಠ ಮಾಡಲು ನಿಮಗೆ ಏನು ಅಡ್ಡಿಯಾಗುತ್ತಿದೆ?’ ಎಂದು ಕೇಳಿ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ಆ ತಿಂಗಳಲ್ಲೇ ಸರಿಪಡಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮವಳೇ ಆದ,
ನಿವೃತ್ತ ಶಿಕ್ಷಕಿ